ಹರಿಯಲಾಗದ ಚೀಟಿ

ಅವಳ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿ ಮುಗಿಸಿದ ಡಾಕ್ಟರಮ್ಮ ಹೊಸ ಕಂಪ್ಯೂಟರಿನ ಮುಂದೆ ಕುಳಿತರು.

“ಈ ಸಲವೂ ಜಾರಿ ಬಿದ್ದಿದ್ದು ಅಂತಲೇ ಬರೀಲಾ?”

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. ಗಂಡ ಹೊರಗೆ ಬೆಂಚಿನ ಮೇಲಿದ್ದ.

“ಹಿಂದೆ ಒಂದ್ಸಲ ನೀವೇ ಊಹಿಸಿ ನಿಜ ಬರೆದ ಚೀಟೀನ ಅವರು ಹರಿದು ಒಲೆಗೆ ಹಾಕಿದ್ರು ಮೇಡಂ.”

“ಇದನ್ನ ಯಾರೂ ಹರಿಯೋಕಾಗಲ್ಲಮ್ಮ. ನಾಳೆ ಪೊಲೀಸರು ಕೇಳಿದ್ರೂ ಇಲ್ಲೇ ಇರುತ್ತೆ. ಹೇಳಿ.”

ಇಷ್ಟು ವರ್ಷ ಅನ್ನದ ಜೊತೆ ನುಂಗಿಕೊಂಡು ಬಂದಿದ್ದ ಮಾತು ಹೊರಬಂತು.

“ಅವರೇ ತಿರುಚಿದ್ದು.”

ಡಾಕ್ಟರಮ್ಮ ಟೈಪ್ ಮಾಡಿದರು. “ಮುಂದಿನ ವಾರ ಬಂದು ತೋರಿಸಿ.”

“ಆಗಲ್ಲ ಮೇಡಂ. ಸೋಮವಾರ ಅವರು ಡ್ಯೂಟಿಗೆ ಹೋದಮೇಲೆ ಮಗಳನ್ನ ಕರ್ಕೊಂಡು ಗದಗಕ್ಕೆ ಹೋಗ್ತಿದೀನಿ, ಗೆಳತಿ ಮನೆಗೆ. ಮತ್ತೆ ಬರಲ್ಲ.”

“ಒಳ್ಳೇ ಕೆಲಸ. ಸೋಮವಾರದಿಂದ ಗದಗದಲ್ಲೇ ತೋರಿಸಲಿ ಅಂತ ಬರೀತೀನಿ. ಅಲ್ಲಿನ ಡಾಕ್ಟರಿಗೂ ಎಲ್ಲ ಕಾಣುತ್ತೆ.”

ಎದೆಯ ಮೇಲಿಂದ ಯಾರೋ ಕಾಲು ತೆಗೆದಂತೆನಿಸಿ ಅವಳು ಹೊರಬಂದಳು. ಗಂಡ ಮೊಬೈಲ್ ನೋಡುತ್ತ ಕುಳಿತಿದ್ದ. ಕೌಂಟರಿನಲ್ಲಿ ಅವಳು ಚೀಟಿಗೆಂದು ಕೈಚಾಚಿದಾಗ ಅಲ್ಲಿದ್ದ ಹುಡುಗಿ ನಕ್ಕಳು.

“ಈಗ ಚೀಟಿ ಗೀಟಿ ಏನೂ ಇಲ್ಲ ಅಕ್ಕಾ. ಮೇಡಂ ಬರೆದಿದ್ದೆಲ್ಲ ಆಗಲೇ ನಿಮ್ಮ ಮನೆಯವರ ನಂಬರಿಗೆ ಹೋಗಿದೆ.”

ಗಂಡ ಎದ್ದು ಬಂದು ಅವಳ ಚೀಲವನ್ನು ತಾನೇ ತೆಗೆದುಕೊಂಡ. ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

“ಈ ಕೈಯಲ್ಲಿ ಬಸ್ಸು ಯಾಕೆ ಹತ್ತುತ್ತೀಯ? ಸೋಮವಾರ ಗದಗಕ್ಕೆ ನಾನೇ ಬಿಡ್ತೀನಿ.”