ಕವಳದ ಸಂಚಿ

ಬೆಳಿಗ್ಗೆ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಐವರಲ್ಲಿ ನಾಲ್ವರನ್ನು ದಡಕ್ಕೆ ಎಳೆದು ಹಾಕಿದರು. ಜಟ್ಟಪ್ಪ ಮಾತ್ರ ಸಿಗಲಿಲ್ಲ.

ಮೂವರನ್ನು ಆಂಬುಲೆನ್ಸಿಗೆ ಹತ್ತಿಸಿದ ನರ್ಸ್, ದೋಣಿ ನಡೆಸುವ ತಾಂಡೇಲನ ಎದುರು ನಿಂತಳು. "ನೀವೂ ಹತ್ತಿ. ಶ್ವಾಸಕೋಶಕ್ಕೆ ಇಳಿದ ನೀರು ಆಮೇಲೂ ಕೊಲ್ಲುತ್ತದೆ."

"ನನ್ನವರೆಲ್ಲ ದಡ ಹತ್ತೂ ತನಕ ತಾಂಡೇಲ ಜಾಗ ಬಿಡೂದಿಲ್ಲ. ನಮ್ಮಲ್ಲಿ ನಡೆದುಬಂದದ್ದು ಹಾಗೆ."

ನರ್ಸ್ ಅವನ ಹೆಂಡತಿ ಮಾದೇವಿಯ ಕಡೆ ತಿರುಗಿದಳು. "ಬಾಯಲ್ಲಿ ರಕ್ತದ ನೊರೆ ಕಂಡರೆ ಕೂಡಲೇ ಫೋನ್ ಮಾಡಿ."

ಗಾಡಿ ಹೋಯಿತು. ಮಾದೇವಿ ಗಂಡನ ಪಕ್ಕ ಮರಳಲ್ಲಿ ಕೂತಳು. ಅವನು ಸಮುದ್ರಕ್ಕೆ ನೆಟ್ಟ ಕಣ್ಣು ಕೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಮ್ಮು ಸುರುವಾಯಿತು. ತುಟಿಯಂಚಿನ ಕೆಂಪನ್ನು ಅವಳು ಸೆರಗಿನಿಂದ ಒರೆಸಿದಳು.

"ಇಂಥಾ ಹೊತ್ತಲ್ಲೂ ಕವಳ ಜಗೀಬೇಕಾ ನಿಮಗೆ?"

ಎಲೆಯಡಿಕೆ ಬಾಯಿಗೆ ಬೀಳದೆ ಅವನಿಗೆ ಹೊತ್ತು ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲವೇ! ಉಸಿರು ಗೊರಗೊರ ಅನ್ನತೊಡಗಿತು. ಆಮೇಲೆ ಅದೂ ನಿಂತಿತು. ದಣಿದ ಜೀವ, ಕಣ್ಣು ಹತ್ತಿರಬೇಕು ಎಂದುಕೊಂಡು ಅವಳು ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಹೊತ್ತು ಇಳಿಯುವಾಗ ದೂರದಿಂದ ಕೂಗು ಕೇಳಿತು. ಜಟ್ಟಪ್ಪ! ಬೇರೆ ದೋಣಿಯವರು ಅವನನ್ನು ಎತ್ತಿಕೊಂಡು ಪಕ್ಕದ ಬಂದರಿಗೆ ಮುಟ್ಟಿಸಿದ್ದರಂತೆ. ಏದುಸಿರು ಬಿಡುತ್ತ ಬಂದವನು ಒದ್ದೆ ಸಂಚಿಯೊಂದನ್ನು ಮಾದೇವಿಯ ಮಡಿಲಿಗೆ ಹಾಕಿದ.

"ಎದ್ದ ಕೂಡಲೇ ಇದನ್ನು ಕೊಡು ಅಕ್ಕಾ. ದೋಣಿ ಮಗುಚಿದಾಗ ಅವರ ಸೊಂಟದಿಂದ ಬಿಚ್ಚಿಹೋಗಿತ್ತು, ನನ್ನ ಕೈಗೆ ಸಿಕ್ಕಿತು. ಪಾಪ, ಬೆಳಗಿಂದ ಒಂದು ಕವಳವೂ ಇಲ್ಲದೆ ಕೂತಿದ್ದಾರಲ್ಲ!"