ಒಳ್ಳೇದೇ ಹಾಕಿದೀನಿ ಅಕ್ಕಾ

"ಅಂಟಿಕೊಂಡಿದ್ದ ಕೀ ಎರಡೂ ಸರಿಯಾಯ್ತು ಅಕ್ಕಾ. ಜೊತೆಗೆ ಇನ್ನೊಂದು ಉಪಕಾರಾನೂ ಮಾಡಿದೀನಿ," ಎಂದು ರಿಪೇರಿಯವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ಇದರೊಳಗೆ ಯಾವುದೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಇತ್ತು. ಕಿತ್ತು ಬಿಸಾಕಿ ಒಳ್ಳೇದೇ ಹಾಕಿದೀನಿ. ನೋಡಿ ಈಗ, ಹೆಂಗೆ ಫಳಫಳ ಅಂತಿದೆ!"

ಪರದೆ ಫಳಫಳ ಅನ್ನುತ್ತಿದ್ದುದು ನಿಜ. ಆದರೆ ಅವಳ ಗಂಡ ಮಾತಾಡುತ್ತಿದ್ದುದೇ ಆ ಪುಕ್ಕಟೆ ಸಿಸ್ಟಮ್ಮಿನಿಂದ.

ಗಂಡ ಕರೆಂಟ್ ಆಫೀಸಿನಲ್ಲಿ ದೂರಿನ ಫೋನ್ ಎತ್ತುತ್ತಿದ್ದವನು. ಊರಿನ ಅರ್ಧ ಜನ ಅವನನ್ನು ಬೈದವರೇ. ದಿನವಿಡೀ ಬೈಸಿಕೊಂಡು ಮನೆಗೆ ಬಂದರೆ, ಯಾರೋ ಮೂಲೆಗೆಸೆದ ಕಂಪ್ಯೂಟರನ್ನು ತಂದು, ಆ ಉಚಿತ ಸಿಸ್ಟಮ್ ಹಾಕಿ ಬದುಕಿಸುವುದೇ ಅವನ ಸುಖ. ಕೇಳಿದವರಿಗೂ ಕೇಳದವರಿಗೂ ಅದರದೇ ಗುಣಗಾನ. "ವರ್ಷ ವರ್ಷ ದುಡ್ಡು ಕೇಳಲ್ಲ, ವೈರಸ್ ಕಾಟ ಇಲ್ಲ, ನಮ್ಮ ಮನೆಯೊಳಗೆ ಇಣುಕಿ ನೋಡಲ್ಲ. ನಮಗೆ ಬೇಕಾದ ಹಾಗೆ ಬಿಚ್ಚಿ ಹೊಲ್ಕೋಬಹುದು ಕಣ್ರೀ!" ನೆಂಟರೆಲ್ಲ ಸೇರಿ 'ಪುಕ್ಕಟೆ ಭಾವ' ಎಂದು ಹೆಸರಿಟ್ಟಿದ್ದರು. ಇವಳಿಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಆಮೇಲೆ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಅವನು ಬಾಗಿಲು ಹಾಕಿಕೊಂಡು, ಕೆಮ್ಮುತ್ತ, ನೀರು ಕುಡಿಯುತ್ತ, ರಾಶಿ ರಾಶಿ ವಾಕ್ಯಗಳನ್ನು ಓದಿ ತನ್ನ ದನಿಯನ್ನು ಆ ಸಿಸ್ಟಮ್ಮಿಗೆ ಕಲಿಸಿದ. ಯಾವ ಕಂಪನಿಯ ಕೈಗೂ ಕೊಡಲಿಲ್ಲ. "ನನ್ನ ದನಿ ನನ್ನ ಮನೇಲೇ ಇರ್ಲಿ," ಎಂದ. ಆಪರೇಷನ್ ಆದಂದಿನಿಂದ ಅವನು ಟೈಪ್ ಮಾಡಿ ಎಂಟರ್ ಒತ್ತಿದರೆ ಯಂತ್ರ ಅದನ್ನು ಅವನದೇ ದನಿಯಲ್ಲಿ ಹೇಳುತ್ತಿತ್ತು. "ಏನೇ, ಟೀಗೆ ಸಕ್ಕರೆ ಹಾಕೋದು ಮರೆತ್ಯಾ, ಇಲ್ಲ ಮನೇಲಿ ಸಕ್ಕರೇನೇ ಇಲ್ವಾ?" ಎಂದು ಅದೇ ಹಳೇ ಕೊಂಕಿನಲ್ಲಿ ಮೊದಲ ಸಲ ಕೇಳಿದಾಗ ಅವಳು ಅಡುಗೆಮನೆಯಲ್ಲಿ ನಿಂತು ಗಳಗಳನೆ ಅತ್ತುಬಿಟ್ಟಿದ್ದಳು.

"ಇದರಲ್ಲಿ ಇದ್ದಿದ್ದೆಲ್ಲ ಏನಾಯ್ತಪ್ಪಾ?"

"ಫೋಟೋ ಒಂದಷ್ಟಿತ್ತು, ಜೋಪಾನವಾಗಿ ತೆಗೆದಿಟ್ಟಿದೀನಿ. ಮಿಕ್ಕಿದ್ದು ತಲೆಬುಡ ಇಲ್ಲದ ಫೈಲುಗಳು, ಬಿಡಿ."

"ಬ್ಯಾಗಲ್ಲಿ ಒಂದು ಪೆನ್‌ಡ್ರೈವ್ ಇತ್ತಲ್ಲ! ನಮ್ಮನೆಯವರು ಎಲ್ಲದರದ್ದೂ ನಕಲು ಅದರಲ್ಲಿ ಇಟ್ಟಿದ್ರು."

"ಓ, ಅದಾ? ಈ ಹೊಸ ಸಿಸ್ಟಮ್ಮಿಗೆ ಚುಚ್ಚಿದ್ರೆ ಅದನ್ನ ಓದಕ್ಕೇ ಬರ್ಲಿಲ್ಲ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು, ಮಾಡ್ದೆ. ಖಾಲಿ ಯಾಕೆ ಕೊಡೋದು ಅಂತ ಭರ್ತಿ ಸಿನಿಮಾ ತುಂಬಿಸಿದೀನಿ. ಮನೇಲಿ ಕೂತಿರೋ ಸಾರ್‌ಗೆ ಹೊತ್ತು ಹೋಗ್ಲಿ ಅಂತ."

ಆಹಾ, ಎಂಥ ಮುತುವರ್ಜಿ! ಅವನ ಕೊರಳಪಟ್ಟಿ ಹಿಡಿದು ಅಲುಗಾಡಿಸಬೇಕು ಅನ್ನಿಸಿತು ಅವಳಿಗೆ. "ವಾಪಸ್ ತರಕ್ಕಾಗಲ್ವಾ? ಹೇಗಾದ್ರೂ ಮಾಡಿ?"

"ಅದರ ಮೇಲೇ ಇಷ್ಟೊಂದು ತುಂಬಿಸಿದ ಮೇಲೆ ಎಲ್ಲಿಂದ ಬರುತ್ತೆ ಅಕ್ಕಾ?" ಅವನ ಮುಖ ಸಣ್ಣದಾಯಿತು. "ನಿಮ್ಮನ್ನ ಕೇಳೇ ಅಲ್ವಾ ಮಾಡಿದ್ದು? ಫೋನ್ ಮಾಡಿದ್ನಲ್ಲ!"

ಮಾಡಿದ್ದ. ಅವಳು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಫೋನ್ ಬಂದಿತ್ತು. 'ಇದನ್ನ ತೆಗೆದು ಒಳ್ಳೇದು ಹಾಕಿ ಕೊಡ್ಲಾ ಅಕ್ಕಾ?' ಎಂದು ಕೇಳಿದಾಗ, ಒಳ್ಳೇದು ಅಂತಾನಲ್ಲ, ಈ ಪುಕ್ಕಟೆಯ ಹುಚ್ಚು ಒಮ್ಮೆ ತೊಲಗಲಿ ಅನ್ನಿಸಿ, ಹ್ಞೂಂ ಎಂದವಳು ಅವಳೇ. ದನಿಯೂ ಅದರ ಜೊತೆಗೇ ಹೋಗುತ್ತದೆ ಅನ್ನುವುದು ಹೊಳೆದಿರಲೇ ಇಲ್ಲ. ಅವನ ದನಿ ಅವನ ಹತ್ತಿರವೇ ಇರುತ್ತದೆ ಎಂದುಕೊಂಡಿದ್ದಳೇನೋ, ಪಾಪ.

ಮನೆಗೆ ಬಂದಾಗ ಗಂಡ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕಾಯುತ್ತಿದ್ದ. ಯಂತ್ರ ರಿಪೇರಿಗೆ ಹೋದಾಗಿನಿಂದ ಒಂದು ಮಾತಿಲ್ಲದೆ ಕೂತವನು ಲ್ಯಾಪ್‌ಟಾಪನ್ನು ಕಸಿದುಕೊಂಡೇ ಬಿಟ್ಟ. ಮುಚ್ಚಳ ತೆರೆದ. ಅವನ ಕೈ ಅಲ್ಲೇ ನಿಂತಿತು.

"ನಿಮ್ಮ ಸಿಸ್ಟಮ್ಮೇ ಕೆಟ್ಟು ಹೋಗಿತ್ತಂತೆ ರೀ," ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಸುಳ್ಳು. ಪೆನ್‌ಡ್ರೈವ್ ಚುಚ್ಚಿ ನೋಡಿದ. ತೆಗೆದು ಮತ್ತೆ ಚುಚ್ಚಿದ. ಬರೀ ಸಿನಿಮಾ. ಅವನು ಒಂದು ಖಾಲಿ ಪುಟ ತೆರೆದು ದೊಡ್ಡ ಅಕ್ಷರದಲ್ಲಿ ಬರೆದ: 'ಅದು ಹಾಗೆಲ್ಲ ಕೆಡಲ್ಲ ಕಣೇ.'

ಅಯ್ಯೋ, ಈಗಲೂ ಅದನ್ನೇ ವಹಿಸಿಕೊಳ್ಳುತ್ತಾನಲ್ಲ! ಅವಳಿಗೆ ತಡೆಯಲಾಗಲಿಲ್ಲ. "ನಾನೇ ರೀ. ತೆಗೀಲಾ ಅಂತ ಕೇಳ್ದ, ಹ್ಞೂಂ ಅಂದ್ಬಿಟ್ಟೆ. ನಿಮ್ಮ ದನೀನ ನಾನೇ ಕೈಯಾರೆ ಕಳೆದ್ಬಿಟ್ಟೆ," ಎಂದು ಅವನ ಮಂಡಿಯ ಮೇಲೆ ತಲೆಯಿಟ್ಟು ಬಿಕ್ಕಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲು ಅವನಿಗೆ ದನಿ ಎಲ್ಲಿತ್ತು? ಬಾಯಿ ತೆರೆದ, ಉಸಿರಾಡಲೆಂದು ಕತ್ತಿಗೆ ಮಾಡಿದ್ದ ತೂತಿನಿಂದ ಬರೀ ಗಾಳಿ ಬಂತು.

ಆಮೇಲೆ ಅವನು ಅವಳ ತಲೆಯ ಮೇಲಿಂದ ಕೈ ಚಾಚಿ ಟೈಪ್ ಮಾಡಿದ: 'ಅಳಬೇಡ ಕಣೇ.' ಬರೆದು, ಅಭ್ಯಾಸಬಲದಿಂದ ಎಂಟರ್ ಒತ್ತಿದ. ಒತ್ತಿದ ಸದ್ದಿಗೆ ಅವಳೂ ತಲೆಯೆತ್ತಿದಳು.

ಇಬ್ಬರೂ ಕಾದರು.