ಅಪ್ಪನ ಮೂಗು

"ನನ್ನ ಮೂಗು ಕೈಕೊಟ್ಟ ದಿನ ಈ ಸ್ಪ್ಯಾನರು, ಈ ಗ್ಯಾರೇಜು ಎರಡೂ ನಿಂದೇ ಕಣಮ್ಮಾ" ಎಂದು, ವಾಸನೆಯಲ್ಲೇ ಗಾಡಿಯ ತೊಂದರೆ ಪತ್ತೆಹಚ್ಚುತ್ತಿದ್ದ ಮೆಕ್ಯಾನಿಕ್ ಅಪ್ಪ ಮಗಳಿಗೆ ಹಿಂದೆಂದೋ ಮಾತು ಕೊಟ್ಟಿದ್ದ. ಇಂದು ಹಳೇ ಕಾರಿನೊಳಗೆ ಕೂತವಳಿಗೆ ಸುಟ್ಟ ಆಯಿಲ್ ವಾಸನೆ ಗಂಟಲಿಗೇ ಅಡರಿತು; ಅಪ್ಪನನ್ನು ಕೂಗಿ ಹೇಳಿದಳು. ಅಪ್ಪ ಬಾನೆಟ್ ಎತ್ತಿ, ಬಗ್ಗಿ, ಎಂದಿನಂತೆ ಕಣ್ಣು ಮುಚ್ಚಿ ಮೂಸಿದ.

"ಏನೂ ಇಲ್ವಲ್ಲೇ! ನಿನಗೆಲ್ಲೋ ಭ್ರಮೆ."

ಮಗಳು ಇಳಿದು ಬಂದು ನೋಡಿದಳು. ಅವನ ಗಲ್ಲದ ಕೆಳಗೇ ಆಯಿಲ್ ಬಿಸಿ ಪೈಪಿನ ಮೇಲೆ ತೊಟ್ಟಿಕ್ಕಿ ಹೊಗೆಯಾಡುತ್ತಿತ್ತು.

"ಹೌದಪ್ಪಾ, ಈಗ ನನಗೂ ಏನೂ ವಾಸನೆ ಬರ್ತಿಲ್ಲ" ಎಂದಳು. ನುಂಗಿಕೊಂಡ ಕೆಮ್ಮು ಮಾತ್ರ ಹೊರಗೆ ಬಂದೇಬಿಟ್ಟಿತು.

ಅಪ್ಪ ಕಣ್ಣು ತೆರೆದ. ಹೊಗೆಯನ್ನು ನೋಡಿದ, ಅವಳ ಒದ್ದೆ ಕಣ್ಣುಗಳನ್ನು ನೋಡಿದ. "ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ ನಿಂಗೆ" ಎಂದು ನಕ್ಕು, ಸ್ಪ್ಯಾನರನ್ನು ಅಂಗಿಗೆ ಒರೆಸಿ ಅವಳ ಅಂಗೈಯಲ್ಲಿಟ್ಟ.

ಕೊಟ್ಟ ಮಾತು ಉಳಿಸಿಕೊಂಡ.